ಬುಸ್ಸಪ್ಪನ ಹೆಂಡತಿಯ ಮಾತುಗಳು

ಜೂನ್ ೩, ಸೋಮವಾರ

ಮಾತನ್ನು ಮನುಷ್ಯನ ನಾಲಗೆಯ ಮೇಲೆ ಇರಿಸಿದವನೂ, ತನಗೆ ತೋರಿದಾಗ ಅದನ್ನು ಹಿಂದಕ್ಕೆ ಕರೆದುಕೊಳ್ಳುವವನೂ ಆದ ಭಗವಂತನಿಗೆ ತಲೆಬಾಗಿ, ಜೂನ್ ತಿಂಗಳ ಮೂರನೆಯ ದಿನವಾದ ಈ ಸೋಮವಾರದ ಪ್ರಾತಃಕಾಲದಲ್ಲಿ ನನ್ನ ಧರ್ಮಪತ್ನಿಯ ವಾಕ್ಚಿಕಿತ್ಸೆಯು ನಮ್ಮ ಮನೆಯಲ್ಲಿ ಆರಂಭವಾಯಿತೆಂದು ಬರೆದಿಡುತ್ತೇನೆ. ಹಿಡಿದ ಕಾರ್ಯ ನಿರ್ವಿಘ್ನವಾಗಿ ಕೈಗೂಡಲಿ. ಈ ಬರಹವನ್ನು ನಾನಲ್ಲದೆ ಅನ್ಯರು ಓದತಕ್ಕದ್ದಲ್ಲ.

ಕಳೆದ ತಿಂಗಳು ಅವಳಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸೋತಿದೆ, ನಡಿಗೆ ನಿಧಾನವಾಗಿದೆ, ಅವೆರಡೂ ಸುಧಾರಿಸುತ್ತಿವೆ. ಸುಧಾರಿಸದೆ ನಿಂತಿರುವುದು ಮಾತು. ನಾವು ಹೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ. ಅವಳು ಹೇಳಬೇಕೆಂದದ್ದು ಮಾತ್ರ ಬಾಯಿಗೆ ಬಾರದು. “ಅದು… ಅದು…” ಎಂಬ ಒಂದೇ ಶಬ್ದ ಅವಳ ಪಾಲಿಗೆ ಉಳಿದಿದೆ. ಸ್ವಂತ ಮಾತು ಮರಳುವುದಾದರೆ ಮೊದಲ ಕೆಲವು ತಿಂಗಳುಗಳಲ್ಲೇ ಮರಳಬೇಕು, ಆಮೇಲೆ ಕಷ್ಟವೆಂದು ಆಸ್ಪತ್ರೆಯ ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ.

ಅವರೇ ಗೊತ್ತುಮಾಡಿದ ಮಾತಿನ ಶಿಕ್ಷಕಿ ಇಂದು ಬಂದಳು. ಚಿಕ್ಕ ವಯಸ್ಸಿನವಳು, ಸದ್ದಾಗದ ರಬ್ಬರ್ ಚಪ್ಪಲಿ ಮೆಟ್ಟುತ್ತಾಳೆ. ಸದ್ದಿಲ್ಲದೆ ನಡೆಯುವವರಲ್ಲಿ ನನಗೆ ಮೊದಲಿನಿಂದಲೂ ವಿಶ್ವಾಸ ಕಡಿಮೆ.

“ಅಮ್ಮ ಏನು ಓದ್ತಿದ್ರು ಸರ್? ಅವರಿಗೆ ಇಷ್ಟ ಆಗಿದ್ದು ಯಾವುದು?” ಎಂದು ಕೇಳಿದಳು.

“ಅವಳು ಓದುವ ಅಗತ್ಯವೇ ಬೀಳಲಿಲ್ಲ. ಮದುವೆಯಾದಂದಿನಿಂದ ಪ್ರತಿದಿನ ಬೆಳಿಗ್ಗೆ ನಾನು ಶಾಸ್ತ್ರಭಾಷ್ಯ ಓದ್ತೇನೆ, ಅವಳು ಕೇಳ್ತಾಳೆ” ಎಂದೆ.

ಅಲ್ಲಿಯೇ ಕುತ್ತಿಗೆಗೆ ಅಳತೆಪಟ್ಟಿ ನೇತುಹಾಕಿಕೊಂಡು ನಿಂತಿದ್ದ ನನ್ನ ಭಾವಮೈದುನ, “ಕೇಳ್ತಾಳೆ, ಕೇಳ್ತಾಳೆ. ಕಿವಿಗೆ ಬಾಗಿಲಿಲ್ಲವಲ್ಲ” ಎಂದ. ಅವನು ಅವಳ ತಮ್ಮ, ಬೀದಿಯ ಕೊನೆಯಲ್ಲಿ ಬಟ್ಟೆ ಹೊಲಿಯುವವನು. ಅವನು ಹಾಗೆಂದಾಗ ಶಿಕ್ಷಕಿ ಅವನ ಮುಖ ನೋಡಿದಳು. ಅವನು ನನ್ನ ಪತ್ನಿಯ ಮುಖ ನೋಡಿದ. ಮೂವರ ನಡುವೆ ಏನೋ ಸಾಗಿ ಹೋಯಿತು. ಅದೇನೆಂಬುದು ನನಗೆ ಕಾಣಲಿಲ್ಲ.

ಜೂನ್ ೬, ಗುರುವಾರ

ಪಾಠದ ವೇಳೆ ಕೋಣೆಯ ಬಾಗಿಲು ಮುಚ್ಚಬೇಕಂತೆ. “ನೀವಿದ್ರೆ ಅಮ್ಮ ನಿಮ್ಮ ಮುಖಾನೇ ನೋಡ್ತಾರೆ ಸರ್. ತಪ್ಪಾದ್ರೆ ಅಂತ ಹೆದರ್ತಾರೆ” ಎಂದು ಶಿಕ್ಷಕಿ ಹೇಳಿದಳು. ನಲವತ್ತು ವರ್ಷಕ್ಕೆ ಮಿಕ್ಕ ದಾಂಪತ್ಯದಲ್ಲಿ ನನ್ನ ಪತ್ನಿ ನನಗೆ ಹೆದರಿದ್ದನ್ನು ನಾನು ಕಂಡಿಲ್ಲ.

ಹೊರಗೆ ಕುಳಿತು ಭಾಷ್ಯದ ಪುಟ ತಿರುವುತ್ತಿದ್ದೆ. ಒಳಗೆ ನಗು ಕೇಳಿಸಿತು. ಶಿಕ್ಷಕಿಯದಲ್ಲ. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಪತ್ನಿ ನಕ್ಕಳು, ಅದೂ ಮುಚ್ಚಿದ ಬಾಗಿಲಿನ ಹಿಂದೆ, ಅಪರಿಚಿತಳೊಬ್ಬಳ ಸನ್ನಿಧಿಯಲ್ಲಿ. ನಾನು ಬಾಗಿಲು ತಟ್ಟಿ, ಕುಡಿಯಲು ನೀರು ಬೇಕೇ ಎಂದು ಕೇಳಿದೆ. ತೆರೆದಾಗ ಇಬ್ಬರೂ ಗಂಭೀರವಾಗಿದ್ದರು. ಹೊದಿಕೆಯ ಒಂದು ಮೂಲೆ ಚೌಕಾಕಾರವಾಗಿ ಉಬ್ಬಿತ್ತು.

ಜೂನ್ ೯, ಭಾನುವಾರ

ಸತ್ಯ ಬಯಲಾಯಿತು. ಅವಳನ್ನು ಅವಳ ತಮ್ಮ ಬಿಸಿಲಿಗೆ ಕೂರಿಸಲು ಹೊರಗೆ ಕರೆದೊಯ್ದಾಗ ಮಂಚದ ಕೆಳಗಿನ ಟ್ರಂಕನ್ನು ಎಳೆದು ತೆರೆದೆ. ಅದರಲ್ಲಿ ಕಂಬಳಿಗಳಿವೆಯೆಂದು ನಂಬಿದ್ದೆ. ಮೇಲ್ಭಾಗದಲ್ಲಿದ್ದದ್ದು ಆ ಭಾಷ್ಯಕ್ಕೆ ನಾನೇ ಬರೆದ ವ್ಯಾಖ್ಯಾನದ ಎರಡು ಪ್ರತಿಗಳು. ಅವುಗಳ ಕೆಳಗೆ, ಅವುಗಳನ್ನೇ ಮುಚ್ಚಳವಾಗಿ ಮಾಡಿಕೊಂಡು, ಬಟ್ಟೆಯ ಬೆನ್ನು ಹೊಲಿದ ಆರು ದಪ್ಪ ಸಂಪುಟಗಳು.

ಅವು ಹಾಸ್ಯಚಿತ್ರಗಳು. ನಾಲ್ಕೈದು ದಶಕಗಳ ಹಿಂದಿನ ಯಾವುದೋ ವಾರಪತ್ರಿಕೆಯ ಕೊನೆಯ ಪುಟಗಳನ್ನು ಕತ್ತರಿಸಿ, ಕ್ರಮವಾಗಿ ಜೋಡಿಸಿ ಕಟ್ಟಿದ್ದು. ಕಥಾನಾಯಕನ ಹೆಸರು ಬುಸ್ಸಪ್ಪ. ಮೂಗಿನ ತುದಿಗೆ ಜಾರಿದ ಕನ್ನಡಕ, ಕಂಕುಳಲ್ಲಿ ಸದಾ ಒಂದು ಕೊಡೆ, ಕಿವಿಯಿಂದ ಹೊರಟ ರೋಮ. ಪ್ರತಿ ಚೌಕದಲ್ಲೂ ಅವನು ಯಾರಿಗಾದರೂ ಉಪದೇಶ ಮಾಡುತ್ತಿರುತ್ತಾನೆ. ಬಾಗಿಲಲ್ಲಿ ನಿಂತ ಹೆಂಡತಿ ಒಂದು ಮಾತಿನಲ್ಲಿ ಅವನ ಗಾಳಿ ತೆಗೆಯುತ್ತಾಳೆ. ಗೋಡೆಯ ಮೂಲೆಯ ಹಲ್ಲಿ ಕೊನೆಯ ಮಾತಾಡುತ್ತದೆ. ಇದೇ ಆರೂ ಸಂಪುಟಗಳ ಸಾರ.

ಕನ್ನಡಿಯ ಮುಂದೆ ಹೋಗಿ ನನ್ನ ಕಿವಿಗಳನ್ನು ನೋಡಿಕೊಂಡೆ. ಈ ವಿಷಯವಾಗಿ ಹೆಚ್ಚು ಬರೆಯಲಾರೆ.

ಸಂಜೆ ಭಾವಮೈದುನನನ್ನು ವಿಚಾರಿಸಿದೆ.

“ಅದಾ? ಅಕ್ಕ ಲಂಗ ಹಾಕ್ತಿದ್ದ ಕಾಲದಿಂದ ಸೇರಿಸಿದ್ದು ಭಾವ. ಪತ್ರಿಕೆ ಬರೋ ದಿನ ನಾವಿಬ್ರೂ ಬಾಗಿಲಲ್ಲೇ ಕಾಯ್ತಿದ್ವಿ. ಅವಳು ಕತ್ತರಿಸೋದು, ನಾನು ಹೊಲಿಯೋದು. ನನ್ನ ಕೈಗೆ ಸೂಜಿ ಬಂದಿದ್ದೇ ಹಂಗೆ.”

“ನನ್ನಿಂದ ಮುಚ್ಚಿಟ್ಟದ್ದೇಕೆ?”

“ಮದುವೆ ಆದ ಹೊಸತರಲ್ಲಿ ಒಂದು ಪುಸ್ತಕ ನಿಮಗೆ ತೋರಿಸಿದ್ಳಂತೆ. ನೀವು ಅದರಲ್ಲಿ ಅಚ್ಚಿನ ತಪ್ಪು ಹುಡುಕಿ ಕೊಟ್ರಂತೆ.”

ಅಂಥದ್ದು ನಡೆದ ನೆನಪು ನನಗಿಲ್ಲ. ತಪ್ಪುಗಳಿರುವುದು ನಿಜ, ಈಗಲೂ ಮೊದಲ ಸಂಪುಟದಲ್ಲಿ ಕಂಡೆ.

ಜೂನ್ ೧೨, ಬುಧವಾರ

ಅವಳು ಮಾತಾಡಿದಳು.

ಬೆಳಿಗ್ಗೆ ಮಾತ್ರೆ ಕೊಡುತ್ತ, ಔಷಧವನ್ನು ಹೊತ್ತಿಗೆ ಸರಿಯಾಗಿ ಸೇವಿಸುವುದರ ಮಹತ್ವವನ್ನು ಅವಳಿಗೆ ವಿವರಿಸುತ್ತಿದ್ದೆ. ಇದ್ದಕ್ಕಿದ್ದಂತೆ, ಒಂದಕ್ಷರವೂ ತೊದಲದೆ, “ಭಾಷಣ ಮುಗೀತಾ? ಊಟ ಆರ್ತಾ ಇದೆ” ಎಂದಳು. ಊಟದ ಹೊತ್ತಲ್ಲ, ಎದುರಿಗೆ ತಟ್ಟೆಯೂ ಇರಲಿಲ್ಲ. ಭಗವಂತನನ್ನು ನೆನೆದು ಕಣ್ಣು ಮುಚ್ಚಿದೆ.

ಆಮೇಲೆ ಸಂಶಯ ಬಂತು. ಯಾವ ವಾಕ್ಯ ಕಂಡರೂ ಅದರ ಆಕರವನ್ನು ಹುಡುಕುವುದು ನನ್ನ ವೃತ್ತಿ. ಭಾಷ್ಯಕಾರನು ಉದ್ಧರಿಸಿದ ಮಾತು ಮೂಲದಲ್ಲಿ ಎಲ್ಲಿದೆಯೆಂದು ತೋರಿಸದೆ ನಾನು ಒಂದು ಸಾಲನ್ನೂ ದಾಟಿದವನಲ್ಲ. ಸಂಪುಟಗಳನ್ನು ತಿರುವಿದೆ. ಎರಡನೆಯದರ ನಡುವೆ ಸಿಕ್ಕಿತು: ಬುಸ್ಸಪ್ಪ ಮೇಜು ಗುದ್ದಿ ಮಿತಾಹಾರದ ಬಗ್ಗೆ ಮಾತಾಡುತ್ತಿದ್ದಾನೆ, ಹೆಂಡತಿ ಸೌಟು ಹಿಡಿದು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತಾಳೆ.

ಶಿಕ್ಷಕಿಯನ್ನು ಕೇಳಿದೆ. ಅವಳು ಹಿಗ್ಗಿದಳು. “ಒಳ್ಳೇ ಸೂಚನೆ ಸರ್. ಒಂದೊಂದೇ ಪದ ಜೋಡಿಸೋಕೆ ಅಮ್ಮಂಗೆ ಇನ್ನೂ ಆಗ್ತಿಲ್ಲ. ಇಡೀ ವಾಕ್ಯ ಒಟ್ಟಿಗೆ ಸಿಕ್ರೆ ಬಾಯಿಗೆ ಬರುತ್ತೆ. ಚಿಕ್ಕಂದಿನಿಂದ ಓದಿದ್ದು, ಒಳಗೆ ಕೂತಿದೆ.”

“ರೆಡಿಮೇಡ್ ಅಂಗಿ ಇದ್ದಂಗೆ” ಎಂದ ಭಾವಮೈದುನ. “ಹೊಲಿಯೋಕೆ ಕೈ ಬರೋವರೆಗೂ ಅದೇ ಗತಿ ಭಾವ.”

ಆದರೆ ಆರು ಸಂಪುಟಗಳಲ್ಲಿ ಸಾವಿರಾರು ಮಾತುಗಳಿರುವಾಗ, ಗಂಡನನ್ನು ಹಳಿಯುವ ಮಾತೇ ಏಕೆ ಆರಿಸಿ ಬಂತು? ಇದರ ಹಿಂದೆ ಕಲಿಸಿಕೊಟ್ಟವರಿಲ್ಲವೇ?

ಜೂನ್ ೧೩, ಗುರುವಾರ

ನೆರೆಮನೆಯಾತನು ಕ್ಷೇಮ ವಿಚಾರಿಸಲು ಬಂದಿದ್ದ. ನಾನು ಅವನಿಗೆ ಕಾಯಿಲೆಯ ಲಕ್ಷಣಗಳನ್ನು ಹೇಳುತ್ತಿದ್ದಾಗ ಅವಳು ನನ್ನತ್ತ ಎಡಗೈ ತೋರಿಸಿ, “ಇವರನ್ನು ಗಂಟೆಗೆ ಇಷ್ಟು ಅಂತ ಬಾಡಿಗೆಗೆ ಕೊಡ್ತೀವಿ” ಎಂದಳು. ಐದನೆಯ ಸಂಪುಟ. ನೆರೆಮನೆಯಾತ ಕೆಮ್ಮುವ ನೆಪದಿಂದ ಹೊರಟು, ಬೀದಿಯಲ್ಲಿ ನಿಂತು ನಕ್ಕ. ಕಿಟಕಿಯಿಂದ ನೋಡಿದೆ.

ಜೂನ್ ೧೪, ಶುಕ್ರವಾರ

ಆರೂ ಸಂಪುಟಗಳನ್ನು ಹಳೆ ಪೇಪರಿನವನ ಗಾಡಿಗೆ ಹಾಕಿದೆ. ರೋಗಿಯ ಕೋಣೆಯಲ್ಲಿ ಧೂಳು ಇರಬಾರದು. ಹಳೆಯ ಕಾಗದದಷ್ಟು ಧೂಳು ಬೇರೆ ಯಾವುದರಲ್ಲಿಯೂ ಇಲ್ಲ. ಶಿಕ್ಷಕಿಗೆ, ಇನ್ನು ಸ್ವಲ್ಪಕಾಲ ಬರುವುದು ಬೇಡವೆಂದು ಫೋನಿನಲ್ಲಿ ಸವಿನಯವಾಗಿ ತಿಳಿಸಿದೆ. ನಾಳೆಯಿಂದ ಭಾಷ್ಯವನ್ನು ಆರಂಭದಿಂದ ಓದುತ್ತೇನೆ. ಉತ್ತಮ ಮಾತು ಕಿವಿಗೆ ಬಿದ್ದರೆ ಉತ್ತಮ ಮಾತೇ ಬಾಯಿಗೆ ಬರುವುದು.

ಜೂನ್ ೧೭, ಸೋಮವಾರ

ಮೊದಲ ಪ್ರಕರಣ ಓದಿ ಮುಗಿಸಿದೆ. ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದ್ದಳು.

ಜೂನ್ ೨೦, ಗುರುವಾರ

ಎರಡನೆಯ ಪ್ರಕರಣ. ಗೋಡೆ.

ಜೂನ್ ೨೩, ಭಾನುವಾರ

“ಅದು” ಎಂಬುದೂ ಹೋಯಿತು.

ಜೂನ್ ೨೬, ಬುಧವಾರ

ಇಂದು ಭಾವಮೈದುನ ಅಂಗಡಿ ಮುಚ್ಚಿ ಬಂದ. ಸಾಮಾನ್ಯವಾಗಿ ಕುಳಿತುಕೊಂಡು ಮಾತಾಡುವವನು ಇಂದು ನಿಂತೇ ಇದ್ದ.

“ಭಾವ, ಒಂದು ಕೇಳ್ತೀನಿ. ಅಕ್ಕ ನಿಮ್ಮನ್ನ ಬೈದಿದ್ದು ನಿಮಗೆ ಬೇಜಾರಾಯ್ತಾ?”

“ಪ್ರಶ್ನೆ ಅದಲ್ಲ.”

“ಅದೇ ಪ್ರಶ್ನೆ. ಈಗ ಬೈಯ್ತಾ ಇಲ್ಲವಲ್ಲ, ಸುಖವಾಗಿದೀರಾ?”

ನನ್ನ ಬಳಿ ಉತ್ತರವಿತ್ತು. ಬಹಳ ಉದ್ದದ ಉತ್ತರ. ಕೋಣೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ. ನಾನು ಕೊಡೆಯನ್ನು ತೆಗೆದುಕೊಂಡು ಹೊರಟೆ. ಬೀದಿ ತಿರುಗಿದ ಮೇಲೆ ಅದು ನನ್ನ ಕಂಕುಳಲ್ಲಿರುವುದನ್ನು ಗಮನಿಸಿ ಕೈಗೆ ಬದಲಿಸಿಕೊಂಡೆ.

ಹಳೆ ಪೇಪರಿನವನ ಕೊಟ್ಟಿಗೆ ರೈಲು ಹಳಿಯ ಪಕ್ಕದಲ್ಲಿದೆ. ಕಟ್ಟಿದ ಪತ್ರಿಕೆಗಳು ಸೂರಿನವರೆಗೆ ಏರಿವೆ. ಅವನು ತಕ್ಕಡಿಯ ಪಕ್ಕದಲ್ಲಿ ಕಾಲು ಚಾಚಿಕೊಂಡು ಓದುತ್ತಿದ್ದದ್ದು ನಮ್ಮ ಮೂರನೆಯ ಸಂಪುಟ.

“ಬನ್ನಿ ಯಜಮಾನ್ರೇ. ಇವು ಮಾರೋಕೆ ಮನಸ್ಸು ಬರ್ಲಿಲ್ಲ. ಈ ಬುಸ್ಸಪ್ಪನ್ನ ನೋಡಿದ್ರೆ ನಮ್ಮ ಮಾವನ್ನ ನೋಡಿದಂಗೆ ಆಗುತ್ತೆ” ಎಂದ. ನನ್ನ ಮುಖವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಎಲ್ಲರ ಮನೇಲೂ ಒಬ್ಬರು ಇರ್ತಾರೆ ಬಿಡಿ” ಎಂದು ಮೆಲ್ಲಗೆ ಸೇರಿಸಿದ.

ಐದು ಸಂಪುಟಗಳು ಸಿಕ್ಕವು. ನಾಲ್ಕನೆಯದನ್ನು ಕಡಲೆಕಾಯಿ ಮಾರುವವನೊಬ್ಬ ಪೊಟ್ಟಣ ಕಟ್ಟಲೆಂದು ಒಯ್ದಿದ್ದನಂತೆ. ಅವನು ಎಲ್ಲಿ ನಿಲ್ಲುತ್ತಾನೆಂದು ಗೊತ್ತಿಲ್ಲ, ಕಂಡರೆ ಕೇಳುತ್ತೇನೆಂದ. ಕೇಳುವನೋ ಇಲ್ಲವೋ. ಅವನು ನನ್ನನ್ನು ಕಳುಹಿಸುವ ಆತುರದಲ್ಲಿದ್ದ. ಬಹುಶಃ ಓದುತ್ತಿದ್ದ ಪುಸ್ತಕ ಕೈತಪ್ಪಿತೆಂದು.

ಜುಲೈ ೧, ಸೋಮವಾರ

ಶಿಕ್ಷಕಿಯನ್ನು ಮತ್ತೆ ಕರೆಸಿದೆ. ಬಂದಳು, ಒಂದು ಷರತ್ತಿನ ಮೇಲೆ.

“ಇನ್ಮೇಲೆ ಬಾಗಿಲು ತೆಗೆದೇ ಇರುತ್ತೆ ಸರ್. ಹೆಂಡತಿ ಮಾತು ಅಮ್ಮ ಓದ್ತಾರೆ. ಬುಸ್ಸಪ್ಪನ ಮಾತು ನೀವು ಓದ್ಬೇಕು.”

“ನಾನೇ ಏಕೆ?”

“ಬೇರೆ ಯಾರು ಓದಿದ್ರೂ ಅಮ್ಮಂಗೆ ಉತ್ತರ ಕೊಡೋ ಉಮೇದು ಬರಲ್ಲ.”

ನನ್ನನ್ನು ಅವಮಾನಿಸಲು ಹೂಡಿದ ಉಪಾಯವಿದೆಂದು ನನಗೆ ತಿಳಿಯದೇ ಇಲ್ಲ. ಚಿಕಿತ್ಸೆಯ ದೃಷ್ಟಿಯಿಂದ ಒಪ್ಪಿದೆ. ಹಲ್ಲಿಯ ಪಾತ್ರವನ್ನು ಭಾವಮೈದುನ ತಾನಾಗಿಯೇ ವಹಿಸಿಕೊಂಡ.

ಮೊದಲ ಚೌಕವನ್ನು ಓದಿದೆ. ಶಿಕ್ಷಕಿ ತಡೆದಳು. “ಸರ್, ಇದು ಪಾರಾಯಣ ಅಲ್ಲ. ಬುಸ್ಸಪ್ಪಂಗೆ ಸಿಟ್ಟು ಬಂದಿದೆ. ಅವನ ಕೊಡೆ ಕಾಣ್ತಿಲ್ಲ.”

“ನನಗೆ ಸಿಟ್ಟಿನ ಅಭ್ಯಾಸ ಇಲ್ಲ” ಎಂದೆ.

ಇದರಲ್ಲಿ ನಗುವಂಥದ್ದು ಏನಿದೆಯೋ ಕಾಣೆ. ಭಾವಮೈದುನ ಕುರ್ಚಿಯಿಂದ ಜಾರಿದ. ಹಾಸಿಗೆಯಲ್ಲಿದ್ದ ನನ್ನ ಪತ್ನಿ ಗೋಡೆಯಿಂದ ಈ ಕಡೆಗೆ ತಿರುಗಿದಳು. ಎಷ್ಟೋ ದಿನಗಳ ಮೇಲೆ ನನ್ನ ಮುಖ ನೋಡಿದಳು. ನಾನು ಮತ್ತೊಮ್ಮೆ, ಸ್ವರವೇರಿಸಿ, “ನನ್ನ ಕೊಡೆ ಎಲ್ಲಿ?” ಎಂದು ಓದಿದೆ. ಅವಳು ಪುಟದ ಮೇಲೆ ಬೆರಳಿಟ್ಟು, ಬಹಳ ಹೊತ್ತು ತುಟಿ ಅಲುಗಿಸಿ, “ನಿಮ್ಮ… ಕಂಕುಳಲ್ಲಿ” ಎಂದಳು.

ಜುಲೈ ೯, ಮಂಗಳವಾರ

ಪೂರ್ವಾಹ್ನದ ಭಾಷ್ಯವಾಚನವನ್ನು ತಾತ್ಕಾಲಿಕವಾಗಿ ಮುಂದೂಡಿದ್ದೇನೆ, ಹೊತ್ತು ಸಾಲದು.

ಈ ಚಿತ್ರಕಾರನು ಯಾರೋ ತಿಳಿಯದು. ಪುಟದ ಕೆಳಗೆ ಎರಡು ಅಕ್ಷರಗಳ ಗುರುತು ಮಾತ್ರವಿದೆ. ಆದರೆ ಪಕ್ಷಪಾತವಿಲ್ಲದೆ ಹೇಳುವುದಾದರೆ, ಅವನ ರೇಖೆಯಲ್ಲಿ ಸೂತ್ರಕಾರರ ಮಿತವ್ಯಯವಿದೆ. ಒಂದು ಕೊಡೆಗೆ ಮೂರೇ ಗೆರೆ. ಬುಸ್ಸಪ್ಪನಿಗೆ ಸಿಟ್ಟು ಬಂದಾಗ ಮೂರೂ ಗೆರೆಗಳು ನೆಟ್ಟಗಾಗುತ್ತವೆ, ಸೋತಾಗ ಬಾಗುತ್ತವೆ. ಮುಖವನ್ನು ನೋಡುವ ಅಗತ್ಯವೇ ಇಲ್ಲ, ಕೊಡೆಯನ್ನು ನೋಡಿದರೆ ಸಾಕು. ಹೆಂಡತಿಯ ಮುಖದಲ್ಲಿ ಕಣ್ಣಿಗೆ ಎರಡು ಚುಕ್ಕೆಗಳಲ್ಲದೆ ಮತ್ತೇನೂ ಇಲ್ಲ. ಅಷ್ಟರಲ್ಲೇ ಅವಳು ಅವನನ್ನು ಇಷ್ಟಪಡುತ್ತಾಳೆಂಬುದು ತಿಳಿಯುತ್ತದೆ. ಇದು ಹೇಗೆ ಸಾಧ್ಯವೆಂದು ಭೂತಗನ್ನಡಿಯಿಟ್ಟು ಬಹಳ ಹೊತ್ತು ಪರೀಕ್ಷಿಸಿದೆ. ಗೊತ್ತಾಗಲಿಲ್ಲ. ಇಂಥ ಕಡೆ ಏನೋ ಕೈಚಳಕ ಇದ್ದೇ ಇರಬೇಕು.

ಸ್ನಾನದ ತೊಟ್ಟಿಯಲ್ಲಿ ಕುಳಿತು ಬುಸ್ಸಪ್ಪನು ಜಗತ್ತನ್ನು ತಿದ್ದುವ ಪ್ರಸಂಗವನ್ನು ಓದುವಾಗ ನನಗೆ ಕೆಮ್ಮು ಬಂತು. ಕಣ್ಣಲ್ಲಿ ನೀರೂ ಬಂತು. ಹಳೆಯ ಕಾಗದದ ಧೂಳಿನ ವಿಷಯ ಮೊದಲೇ ಬರೆದಿದ್ದೇನೆ.

ಜುಲೈ ೧೭, ಬುಧವಾರ

ಅವಳು ಈಗ ದಿನವಿಡೀ ಮಾತಾಡುತ್ತಾಳೆ. ಹಾಲು ತಂದುಕೊಟ್ಟರೆ ಒಂದು, ಕಿಟಕಿ ಮುಚ್ಚಿದರೆ ಒಂದು, ನಾನು ಕನ್ನಡಕ ಹುಡುಕಿದರೆ ಒಂದು. ಪ್ರತಿಯೊಂದಕ್ಕೂ ಆಕರ ಹುಡುಕಿ, ಸಿಕ್ಕಲ್ಲಿ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆಯಿಡುತ್ತೇನೆ. ಸಿಕ್ಕದಿರುವುದು ಅಪರೂಪ. ನಾಲ್ಕನೆಯ ಸಂಪುಟಕ್ಕೆ ಸೇರಿದ್ದಿರಬೇಕೆಂದು ನಾನು ಬದಿಗಿಟ್ಟ ಒಂದೆರಡನ್ನು, ಅಲ್ಲಿನವೇ ಎಂದು ಭಾವಮೈದುನ ದೃಢಪಡಿಸಿದ. ಅವನಿಗೆ ಆರೂ ಸಂಪುಟಗಳು ಬಾಯಿಪಾಠ; ಒಂದು ಶಾಸ್ತ್ರಗ್ರಂಥವನ್ನು ಹೀಗೆ ಕಲಿತಿದ್ದರೆ ಎಲ್ಲಿಗೋ ಹೋಗುತ್ತಿದ್ದ.

ಮನೆಗೆ ಬಂದವರೆಲ್ಲ ಸಂತೋಷಪಡುತ್ತಾರೆ. “ಅಮ್ಮ ಎಷ್ಟು ಚೆನ್ನಾಗಿ ಮಾತಾಡ್ತಾರೆ” ಎನ್ನುತ್ತಾರೆ. ಅವರಿಗೆ ಆಕರ ಗೊತ್ತಿಲ್ಲ.

ಜುಲೈ ೨೪, ಬುಧವಾರ

ಯಾರಿಗೂ ಹೇಳಲಾಗದ ಸಂಶಯವೊಂದು ನನ್ನನ್ನು ತಿನ್ನುತ್ತಿದೆ. ಮಾತಾಡುತ್ತಿರುವವರು ಯಾರು? ಮಾತು ಸಂದರ್ಭಕ್ಕೆ ಹೊಂದುತ್ತದೆ, ನಿಜ. ಆದರೆ ಆರಿಸುತ್ತಿರುವವಳು ಅವಳೋ, ಅಥವಾ ಬಾಲ್ಯದಲ್ಲಿ ಒಳಗೆ ಅಚ್ಚೊತ್ತಿದ ಪುಟಗಳು ಗಾಳಿಗೆ ತಾವಾಗಿ ಮಗುಚಿಕೊಳ್ಳುತ್ತಿವೆಯೋ? ಎಲ್ಲವೂ ಉದ್ಧರಣೆಯಾದ ಗ್ರಂಥದಲ್ಲಿ ಗ್ರಂಥಕರ್ತನು ಇದ್ದಾನೆಂದು ಹೇಗೆ ಸಾಧಿಸುವುದು?

ಪರೀಕ್ಷಿಸಲು, ಬುಸ್ಸಪ್ಪನ ಲೋಕದಲ್ಲಿ ಉತ್ತರವಿಲ್ಲದ ಪ್ರಶ್ನೆಯೊಂದನ್ನು ಕೇಳಿದೆ. “ಕಿಟಕಿಯಿಂದ ಹೊರಗೆ ನೋಡಿ, ಕಂಡದ್ದನ್ನು ನಿನ್ನ ಮಾತಲ್ಲಿ ಹೇಳು.”

ಅವಳು ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಏನೂ ಬರಲಿಲ್ಲ. ಎಡಗೈಯಿಂದ ಹೊದಿಕೆಯ ಅಂಚನ್ನು ಹಿಂಡುತ್ತ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಹೆದರಿಕೆಯಿತ್ತು. ಮುಚ್ಚಿದ ಬಾಗಿಲಿನ ಕಾರಣ ಹೇಳುವಾಗ ಶಿಕ್ಷಕಿ ಯಾವುದನ್ನು ಕುರಿತು ಹೇಳಿದ್ದಳೆಂದು ಈಗ ತಿಳಿಯಿತು.

ಪುಸ್ತಕ ತೆರೆದು, ಬುಸ್ಸಪ್ಪನು ಇರುವೆಗಳಿಗೆ ಶಿಸ್ತು ಕಲಿಸುವ ಪುಟವನ್ನು ಗಟ್ಟಿಯಾಗಿ ಓದತೊಡಗಿದೆ. ಅವಳು ಉತ್ತರ ಕೊಡುವವರೆಗೂ ಓದಿದೆ. ಪರೀಕ್ಷೆಯಿಂದ ಏನೂ ನಿರ್ಣಯವಾಗಲಿಲ್ಲವೆಂದು ದಾಖಲಿಸುತ್ತೇನೆ.

ಜುಲೈ ೨೫, ಗುರುವಾರ

ಶಿಕ್ಷಕಿಗೆ ಹೇಗೋ ಗೊತ್ತಾಗಿದೆ. “ಪರೀಕ್ಷೆ ಬೇಡ ಸರ್. ಪ್ರಶ್ನೆ ಕೇಳಿದ್ರೆ ಬಾಗಿಲು ಮುಚ್ಚುತ್ತೆ. ನೀವು ಸುಮ್ನೆ ಜಗಳ ಆಡ್ತಾ ಇರಿ” ಎಂದಳು. ವೈದ್ಯರು ಹೇಳಿದ ತಿಂಗಳುಗಳು ಕಳೆಯುತ್ತಿವೆಯಲ್ಲ ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆ ಅವಸರ ನನಗೆ ಸರಿಬೀಳಲಿಲ್ಲ.

ಆಗಸ್ಟ್ ೪, ಭಾನುವಾರ

ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ, ವ್ಯಾಖ್ಯಾನ ಸೇರಿಸುವುದಿಲ್ಲ.

ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಆರನೆಯ ಸಂಪುಟದಲ್ಲಿ ಬುಸ್ಸಪ್ಪನು ನೆಗಡಿಯಾದರೂ ಸಭೆಯಲ್ಲಿ ಮಾತಾಡುವ ಉದ್ದನೆಯ ಪ್ರಸಂಗವಿದೆ. ಅದನ್ನು ಓದುತ್ತಿದ್ದೆ. ನಿಜವಾಗಿಯೂ ನನ್ನ ಸ್ವರ ಬಿದ್ದಿತ್ತು. ಅವಳು ಎಡಗೈಯನ್ನು ಪುಟದ ಮೇಲಿಟ್ಟು ಓದು ನಿಲ್ಲಿಸಿದಳು. ತುಟಿಗಳು ಬಹಳ ಹೊತ್ತು ಏನನ್ನೋ ಹುಡುಕಿದವು.

“ಸಾಕು” ಎಂದಳು. ಆಮೇಲೆ, “ನಾಳೆ… ನಾನು ಓದ್ತೀನಿ. ನೀವು… ಕೇಳಿ.”

ಎಂದಿನಂತೆ ಒಂದೇ ಉಸಿರಿನಲ್ಲಿ ಹರಿದು ಬಂದದ್ದಲ್ಲ. ಒಂದೊಂದು ಪದವನ್ನೂ ಎಲ್ಲಿಂದಲೋ ಎತ್ತಿ ತಂದಿಟ್ಟ ಹಾಗಿತ್ತು.

ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಆಗಸ್ಟ್ ೫, ಸೋಮವಾರ

ಐದೂ ಸಂಪುಟಗಳನ್ನು ಮೊದಲಿಂದ ಕೊನೆಯವರೆಗೆ ಹುಡುಕಿದೆ. “ಸಾಕು” ಎಂಬುದು ಹಲವೆಡೆ ಇದೆ. ಬುಸ್ಸಪ್ಪನ ಹೆಂಡತಿಯ ಪ್ರಿಯವಾದ ಮಾತು ಅದು. ಮಿಕ್ಕದ್ದು ಎಲ್ಲಿಯೂ ಇಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, ಆಕರ ಸಿಕ್ಕದಿರಲಿ ಎಂದು ಬೇಡಿಕೊಳ್ಳುತ್ತ ಪುಟ ತಿರುವಿದೆ.

ಭಾವಮೈದುನನನ್ನು ಕೇಳಿದೆ, ಏಕೆ ಕೇಳುತ್ತಿದ್ದೇನೆಂದು ತಿಳಿಸದೆ. ಅವನು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು ಯೋಚಿಸಿದ. “ನಾಲ್ಕನೇದರಲ್ಲಿ ಬುಸ್ಸಪ್ಪ ಪೇಪರ್ ಗಟ್ಟಿಯಾಗಿ ಓದೋದು ಒಂದಿದೆ ಭಾವ. ಹೆಂಡತಿ ಕಿತ್ಕೊಂಡು ಏನೋ ಅಂತಾಳೆ. ಏನು ಅಂತಾಳೆ ಅನ್ನೋದು ಮಾತ್ರ… ಇರಿ… ಇಲ್ಲ, ಅದೊಂದು ಬರ್ತಾ ಇಲ್ಲ.”

ಎಲ್ಲವೂ ಬಾಯಿಪಾಠವಿರುವವನಿಗೆ ಅದೊಂದೇ ಏಕೆ ಮರೆಯಬೇಕು?

ಶಿಕ್ಷಕಿಗೆ ಇನ್ನೂ ಹೇಳಿಲ್ಲ. ಹೇಳಿದ ಮೇಲೆ ಆಕರ ಸಿಕ್ಕಿಬಿಟ್ಟರೆ?

ಇಂದು ನನ್ನ ಪತ್ನಿ ಓದಲಿಲ್ಲ. ದಣಿದಿದ್ದಳು. ನಾನೂ ಕೇಳಲಿಲ್ಲ.

ಆಗಸ್ಟ್ ೭, ಬುಧವಾರ

ಹಳೆ ಪೇಪರಿನವನು ತಾನೇ ಮನೆಗೆ ಬಂದ. ನಾಲ್ಕನೆಯ ಸಂಪುಟ ಸಿಕ್ಕಿದೆ. “ಕಡಲೆಕಾಯಿಯವ್ನು ಹರಿಯೋಕೆ ಮುಂಚೆ ಓದ್ತಾ ಕೂತನಂತೆ ಯಜಮಾನ್ರೇ. ಅದಕ್ಕೇ ಉಳೀತು. ಒಂದು ಹಾಳೆ ಮಾತ್ರ ಹೋಗಿದೆ” ಎಂದ.

ಪುಸ್ತಕವನ್ನು ಮೇಜಿನ ಮೇಲಿಟ್ಟು ಎದುರಿಗೆ ಕುಳಿತೆ. ಪೇಪರಿನ ಪ್ರಸಂಗ ಇದರಲ್ಲಿದೆ. ತೆರೆದರೆ ತಿಳಿಯುತ್ತದೆ. ತಿಳಿದದ್ದನ್ನು ಮತ್ತೆ ಮರೆಯಲಾಗುವುದಿಲ್ಲ. ಊಟದ ಹೊತ್ತಾಯಿತು. ತೆರೆಯಲಿಲ್ಲ.

ಆಗಸ್ಟ್ ೯, ಶುಕ್ರವಾರ

ಇಂದು ಬೆಳಿಗ್ಗೆ, ಹಿಂದೆಲ್ಲ ಭಾಷ್ಯವಾಚನ ನಡೆಯುತ್ತಿದ್ದ ವೇಳೆಗೆ, ಅವಳು ತಾನಾಗಿ ಎದ್ದು ಬಂದು ಮೇಜಿನ ಮೇಲಿದ್ದ ನಾಲ್ಕನೆಯ ಸಂಪುಟವನ್ನು ಎಳೆದುಕೊಂಡಳು. ನನಗೆ ಸ್ಟೂಲನ್ನು ತೋರಿಸಿದಳು. ಕುಳಿತೆ. ಶಿಕ್ಷಕಿ ಬಂದು ಬಾಗಿಲಲ್ಲೇ ನಿಂತಳು. ಭಾವಮೈದುನ ಅಂಗಡಿಗೆ ಹೊರಟವನು ನಿಂತ.

ಅವಳು ಓದತೊಡಗಿದಳು. ಬುಸ್ಸಪ್ಪನ ಮಾತನ್ನೂ, ಹೆಂಡತಿಯ ಮಾತನ್ನೂ, ಹಲ್ಲಿಯ ಮಾತನ್ನೂ. ಒಂದು ಪುಟಕ್ಕೆ ಬಹಳ ಹೊತ್ತು ಹಿಡಿಯಿತು. ಎಷ್ಟೋ ಕಡೆ ತಡೆದಳು, ತಪ್ಪಿದಳು. ನಾನು ತಿದ್ದಲಿಲ್ಲ. ಕೇಳುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದಿರಲಿಲ್ಲ.

ಪೇಪರಿನ ಪ್ರಸಂಗ ಬಂತು. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡೆ. ಹೆಂಡತಿ ಪೇಪರನ್ನು ಕಿತ್ತುಕೊಂಡು ಹೇಳುವ ಮಾತು ಇದು: “ನಿನ್ನೆ ಪೇಪರ್ ಕಣ್ರೀ ಇದು.” ಅಷ್ಟೇ. ಅವಳು ಅದನ್ನು ಓದಿ ಪುಟ ತಿರುವಿದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಆದರೂ ಆ ಹರಿದ ಹಾಳೆಯಲ್ಲಿ ಏನಿತ್ತೋ ಎಂಬ ಅಳುಕು ಬಿಡಲಿಲ್ಲ.

ಆ ಹಾಳೆಯ ಜಾಗ ಬಂತು. ಬಿಸಿಲಿನ ದಿನ ಬುಸ್ಸಪ್ಪನು ಮಳೆ ಬರುವುದು ಖಂಡಿತವೆಂದು ಬೀದಿಗೆಲ್ಲ ಸಾರಿ, ಕೊಡೆ ಬಿಚ್ಚಿಕೊಂಡು ನಡುಬೀದಿಯಲ್ಲಿ ನಿಂತಿದ್ದಾನೆ. ಜನ ಸುತ್ತ ನೆರೆದು ನಗುತ್ತಿದ್ದಾರೆ. ಮುಂದಿನ ಹಾಳೆ ಇಲ್ಲ. ಹೊಲಿಗೆಯ ಬುಡದಲ್ಲಿ ಹರಿದ ಅಂಚು ಮಾತ್ರ.

ಅವಳು ಆ ಅಂಚಿನ ಮೇಲೆ ಬೆರಳಾಡಿಸಿದಳು. ಇನ್ನು ಮುಚ್ಚುತ್ತಾಳೆಂದುಕೊಂಡೆ. ಅವಳು ಕಣ್ಣೆತ್ತಿ ಎದುರಿನ ಗೋಡೆಯನ್ನು ನೋಡುತ್ತ ಮುಂದುವರಿಸಿದಳು.

“ಹೆಂಡತಿ… ಬಂದ್ಲು” ಎಂದಳು. “ಹೊಸಿಲು… ದಾಟಿ. ಬೀದಿಗೆ. ಎಲ್ಲರ ಮುಂದೆ… ಕೊಡೆ ಕೆಳಗೆ… ನಿಂತ್ಲು.” ಸ್ವಲ್ಪ ತಡೆದು, “ಜಾಗ ಬಿಡ್ರೀ… ಅಂದ್ಲು. ಮಳೆ ಇಲ್ದಿದ್ರೆ… ಏನಂತೆ. ಬಿಸಿಲಿದೆ” ಎಂದಳು.



ಭಾವಮೈದುನ ಹುಬ್ಬು ಗಂಟಿಕ್ಕಿದ. “ಹಂಗಲ್ಲ ಅಕ್ಕ. ಅದು ನಂಗೆ ಚೆನ್ನಾಗಿ ನೆನಪಿದೆ. ಕೊನೇಲಿ ಮಳೆ ಬರುತ್ತೆ, ಕೊಡೇಲಿ ತೂತು ಇರುತ್ತೆ. ಹೆಂಡತಿ ಬಾಗಿಲಲ್ಲೇ ನಿಂತು ನಗ್ತಾಳೆ.”

ನನ್ನ ಪತ್ನಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಗೊತ್ತು ಕಣೋ” ಎಂದಳು. “ನಂದೇ… ಚೆನ್ನಾಗಿದೆ.”

ವ್ಯಾಖ್ಯಾನಕಾರನಾಗಿ ಒಂದು ಟಿಪ್ಪಣಿಯನ್ನು ಸೇರಿಸುವ ಹಕ್ಕು ನನಗಿದೆ. ಆರು ಸಂಪುಟಗಳಲ್ಲಿ ಎಲ್ಲಿಯೂ, ಒಂದು ಚೌಕದಲ್ಲಿಯೂ, ಬುಸ್ಸಪ್ಪನ ಹೆಂಡತಿ ಹೊಸಿಲು ದಾಟುವುದಿಲ್ಲ. ಆದಕಾರಣ ಈ ಪಾಠಕ್ಕೆ ಆಕರವಿಲ್ಲ. ಇದು ಮೂಲ.

ಶಿಕ್ಷಕಿ ಅಲ್ಲಿಯೇ ಬಾಗಿಲ ಹಲಗೆಗೆ ಒರಗಿ ಅತ್ತಳು. ಅವಳ ಚಪ್ಪಲಿಯ ವಿಷಯದಲ್ಲಿ ನಾನು ಹಿಂದೆ ಬರೆದದ್ದು ಅವಸರದ ಮಾತಾಗಿರಬಹುದು. ನನಗೂ ಕೆಮ್ಮು ಬಂತು.

ಮಾತನ್ನು ಹಿಂದಕ್ಕೆ ಕರೆದುಕೊಂಡು, ಮತ್ತೆ ಕಳುಹಿಸಿಕೊಟ್ಟ ಭಗವಂತನು ಎಲ್ಲರನ್ನೂ ಕಾಪಾಡಲಿ. ಸದ್ದಿಲ್ಲದೆ ಬಂದು ಸದ್ದು ಮರಳಿಸಿದ ಆ ಹುಡುಗಿಗೆ ಎಂದೂ ದಣಿವಾಗದಿರಲಿ. ಹಲ್ಲಿಯ ಬಾಯಿಂದ ನನ್ನನ್ನು ಹಂಗಿಸಿದ ಭಾವಮೈದುನನ ಸೂಜಿಯ ಕಣ್ಣು ಸದಾ ದಾರಕ್ಕೆ ತೆರೆದಿರಲಿ. ಹಳೆ ಪೇಪರಿನವನ ಕೊಟ್ಟಿಗೆಗೆ ಬೆಂಕಿಯೂ ನೀರೂ ತಾಗದಿರಲಿ. ಅವನ ಮಾವನಿಗೂ ಆಯುಷ್ಯವಿರಲಿ. ಹೆಸರು ತಿಳಿಯದ ಆ ಚಿತ್ರಕಾರನು ಎಲ್ಲಿದ್ದರೂ ಅವನ ಕೈ ನಡುಗದಿರಲಿ. ಆ ಹಾಳೆಯ ಪೊಟ್ಟಣದಲ್ಲಿ ಕಡಲೆಕಾಯಿ ತಿಂದವರಾರೋ, ಅವರಿಗೂ ಒಳಿತಾಗಲಿ. ಅವರ ಕೈಯಿಂದಲೇ ಈ ಉಪಕಾರವಾಯಿತು. ನನ್ನ ಪತ್ನಿಯ ನಾಲಗೆಯ ಮೇಲೆ ಅವಳದೇ ಮಾತು ನೂರು ಕಾಲ ನೆಲೆಸಿರಲಿ. ಕೇಳುವ ಶಕ್ತಿಯನ್ನು ನನಗೂ ದಯಪಾಲಿಸಲಿ. ಸರ್ವರಿಗೂ ಮಂಗಳವಾಗಲಿ.